ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಮಧುಮೇಹದ ಮುನ್ಸೂಚನೆ

ಕೊಲೆಸ್ಟ್ರಾಲ್ ಪರೀಕ್ಷೆ ಎಂದು ರೂಢಿಯಲ್ಲಿ ಕರೆಯುವ ಲಿಪಿಡ್ ಪ್ರೊಫೈಲನ್ನು ವೈದ್ಯರು ಬರೆದುಕೊಡುವುದು ಸಾಮಾನ್ಯವಾಗಿ ಹೃದಯದ ಸಲುವಾಗಿ. ಅದೇ ವರದಿಯಿಂದ ಮುಂದಿನ ಕೆಲವು ವರ್ಷಗಳಲ್ಲಿ ಟೈಪ್ 2 ಮಧುಮೇಹ ಬರುವ ಸಂಭವದ ಸುಳಿವೂ ಸಿಗುತ್ತದೆ. ಆ ಸುಳಿವು ಜನ ಮೊದಲು ಕಣ್ಣಾಡಿಸುವ ಒಟ್ಟು ಕೊಲೆಸ್ಟ್ರಾಲ್ ಸಾಲಿನಲ್ಲಿಲ್ಲ, ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ಹೆಸರಾದ ಎಲ್‌ಡಿಎಲ್ ಸಾಲಿನಲ್ಲೂ ಇಲ್ಲ. ಅದು ಇರುವುದು ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ಎಂಬ ಎರಡು ಸಾಲುಗಳಲ್ಲಿ. ಟ್ರೈಗ್ಲಿಸರೈಡ್ ಏರಿ, ಎಚ್‌ಡಿಎಲ್ ಇಳಿದಿದ್ದರೆ ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುತ್ತಿಲ್ಲ ಎಂದು ಶಂಕಿಸಬಹುದು. ಇದು ರೋಗನಿರ್ಣಯವಲ್ಲ. ಮಧುಮೇಹ ಇದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಇಂದಿಗೂ ರಕ್ತದ ಸಕ್ಕರೆಯ ಪರೀಕ್ಷೆಗಳದ್ದೇ: ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಹೆಚ್ಚು, ಇಲ್ಲವೆ ಎಚ್‌ಬಿಎ1ಸಿ ಶೇ. 6.5 ಅಥವಾ ಹೆಚ್ಚು.

ಸಕ್ಕರೆಗೆ ಮೊದಲು ಕೊಬ್ಬು ಏಕೆ ಕೆಡುತ್ತದೆ

ಇನ್ಸುಲಿನ್‌ನ ಕೆಲಸ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವುದಷ್ಟೇ ಅಲ್ಲ. ಕೊಬ್ಬಿನ ಕೋಶಗಳು ತಮ್ಮ ದಾಸ್ತಾನನ್ನು ರಕ್ತಕ್ಕೆ ಬಿಡದಂತೆ ಹಿಡಿದಿಡುವುದೂ, ಊಟವಾದ ಮೇಲೆ ಲಿವರ್ ತಾನು ತಯಾರಿಸಿದ ಕೊಬ್ಬಿನ ಕಣಗಳನ್ನು ಹೊರಹಾಕದಂತೆ ತಡೆಯುವುದೂ ಅದರ ಹೊಣೆ. ಇನ್ಸುಲಿನ್ ಪ್ರತಿರೋಧ ಹುಟ್ಟಿಕೊಂಡಾಗ ಈ ಎರಡು ತಡೆಗಳೂ ಸಡಿಲವಾಗುತ್ತವೆ. ಹೊಟ್ಟೆಯ ಭಾಗದ ಕೊಬ್ಬಿನಿಂದ ಕೊಬ್ಬಿನಾಮ್ಲಗಳು ಲಿವರಿಗೆ ಹರಿಯುತ್ತವೆ. ಲಿವರ್ ಅವನ್ನು ಟ್ರೈಗ್ಲಿಸರೈಡ್ ಮಾಡಿ, ವಿಎಲ್‌ಡಿಎಲ್ ಎಂಬ ದೊಡ್ಡ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಸಿಇಟಿಪಿ ಎಂಬ ಪ್ರೋಟೀನು ಈ ಕಣಗಳ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ಗೆ ಕೊಟ್ಟು, ಎಚ್‌ಡಿಎಲ್‌ನ ಕೊಲೆಸ್ಟ್ರಾಲನ್ನು ಇತ್ತ ತರುತ್ತದೆ. ಹೀಗೆ ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್ ಬೇಗ ಒಡೆದು ಚಿಕ್ಕದಾಗಿ ರಕ್ತದಿಂದ ಮರೆಯಾಗುತ್ತದೆ. ಒಂದು ಏರಿದಾಗ ಇನ್ನೊಂದು ಇಳಿಯುವುದು ಆಕಸ್ಮಿಕವಲ್ಲ, ಎರಡಕ್ಕೂ ಮೂಲ ಒಂದೇ.

ಇಷ್ಟೆಲ್ಲ ನಡೆಯುವಾಗ ಮೇದೋಜೀರಕ ಗ್ರಂಥಿ ಸುಮ್ಮನೆ ಕುಳಿತಿರುವುದಿಲ್ಲ. ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ವರ್ಷಗಟ್ಟಲೆ ಹತೋಟಿಯಲ್ಲಿಟ್ಟಿರುತ್ತದೆ. ಹಾಗಾಗಿ ಶುಗರ್ ರಿಪೋರ್ಟು ನಾರ್ಮಲ್ ಎಂದೇ ಬರುತ್ತಿರುವಾಗ ಲಿಪಿಡ್ ರಿಪೋರ್ಟು ಆಗಲೇ ಬೇರೆ ಕಥೆ ಹೇಳುತ್ತಿರಬಹುದು. ಗ್ರಂಥಿ ದಣಿದ ಮೇಲೆ ಸಕ್ಕರೆ ಏರುತ್ತದೆ. ಕೊಲೆಸ್ಟ್ರಾಲ್ ಅಳತೆಗೆ ಮುನ್ಸೂಚನೆಯ ಬೆಲೆ ಬಂದಿರುವುದು ಈ ನಡುವಿನ ವರ್ಷಗಳಿಂದ.

ಒಂದು ವರದಿಯ ಓದು

ದಕ್ಷಿಣ ಬೆಂಗಳೂರಿನಲ್ಲಿ ಲಿಪಿಡ್ ಪ್ರೊಫೈಲ್ ಇಂದು ತೀರ ಸಾಮಾನ್ಯ ಪರೀಕ್ಷೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಮುಖ್ಯರಸ್ತೆಗಳಲ್ಲಿ ಡಯಾಗ್ನೋಸ್ಟಿಕ್ ಲ್ಯಾಬುಗಳು ಬೆಳಗಿನ ಜಾವಕ್ಕೇ ಬಾಗಿಲು ತೆರೆಯುತ್ತವೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಏರ್ಪಾಡೂ ಇದೆ. ಸಂಜೆಯೊಳಗೆ ವರದಿ ಮೊಬೈಲಿಗೆ ಬರುತ್ತದೆ. ದಪ್ಪಕ್ಷರದಲ್ಲಿ ಅಚ್ಚಾದ ಅಂಕಿ ಯಾವುದು ಎಂದು ನೋಡಿ, ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿದ್ದರೆ ನಿಟ್ಟುಸಿರು ಬಿಟ್ಟು ಮುಚ್ಚಿಡುವವರೇ ಹೆಚ್ಚು.

ಅಂಥ ಒಂದು ವರದಿಯನ್ನು ಕಲ್ಪಿಸಿಕೊಳ್ಳೋಣ. ಬನಶಂಕರಿ 2ನೇ ಹಂತದ 42 ವರ್ಷದ ಒಬ್ಬ ಗಂಡಸು. ಕುಳಿತು ಮಾಡುವ ಕೆಲಸ, ವ್ಯಾಯಾಮವಿಲ್ಲ, ತಾಯಿಗೆ ಸಕ್ಕರೆ ಕಾಯಿಲೆ. ದೇಹತೂಕ ಸೂಚ್ಯಂಕ 24, ಅಂದರೆ ನೋಡುವವರ ಕಣ್ಣಿಗೆ ದಪ್ಪವಲ್ಲ. ಸೊಂಟದ ಸುತ್ತಳತೆ 94 ಸೆಂ.ಮೀ. ಬಿಪಿ ಸರಿಯಾಗಿದೆ. ಒಟ್ಟು ಕೊಲೆಸ್ಟ್ರಾಲ್ 188, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 210, ಖಾಲಿ ಹೊಟ್ಟೆಯ ಸಕ್ಕರೆ 104. ಎಲ್‌ಡಿಎಲ್ ಅಂಕಿಯನ್ನು ಅನೇಕ ಲ್ಯಾಬುಗಳು ನೇರವಾಗಿ ಅಳೆಯುವುದಿಲ್ಲ, 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತವೆ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದರೆ ಇಲ್ಲಿ 112 ಬರುತ್ತದೆ. ಟ್ರೈಗ್ಲಿಸರೈಡ್ 400 ಮೀರಿದರೆ ಈ ಸೂತ್ರ ಕೈಕೊಡುತ್ತದೆ.

‘ಕೊಲೆಸ್ಟ್ರಾಲ್ ನಾರ್ಮಲ್, ಶುಗರ್ ಬಾರ್ಡರ್‌ಲೈನ್’ ಎಂದು ಮನೆಯಲ್ಲಿ ಮಾತಾಗುವ ವರದಿ ಇದು. ಇದನ್ನು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ತಂಡ 2007ರಲ್ಲಿ ಪ್ರಕಟಿಸಿದ ಮಧುಮೇಹ ಅಂಕಪಟ್ಟಿಗೆ ಹಾಕಿ ನೋಡಬಹುದು. ಅದರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 126ರ ನಡುವೆ ಇದ್ದರೆ 10 ಅಂಕ, ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದ್ದರೆ 5, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚಿದ್ದರೆ 3, ತಂದೆ ಅಥವಾ ತಾಯಿಗೆ ಮಧುಮೇಹವಿದ್ದರೆ 3, ಬಿಪಿಗೆ 2, ಸ್ಥೂಲಕಾಯಕ್ಕೆ 2ರಿಂದ 5. ನಮ್ಮ ಮನುಷ್ಯನಿಗೆ ಒಟ್ಟು 21 ಅಂಕ. ಆ ಪಟ್ಟಿಯ ಪ್ರಕಾರ 8 ವರ್ಷದೊಳಗೆ ಮಧುಮೇಹ ಬರುವ ಸಂಭವ ಶೇ. 21. ಉಳಿದದ್ದೆಲ್ಲ ಹೀಗೇ ಇದ್ದು ಎಚ್‌ಡಿಎಲ್, ಟ್ರೈಗ್ಲಿಸರೈಡ್ ಎರಡೂ ಸರಿಯಾಗಿದ್ದಿದ್ದರೆ 13 ಅಂಕ, ಸಂಭವ ಶೇ. 5. ಅಂದರೆ ಯಾರೂ ಗಮನಿಸದ ಆ ಎರಡು ಸಾಲುಗಳು ಅಪಾಯವನ್ನು ನಾಲ್ಕು ಪಟ್ಟು ಏರಿಸಿವೆ.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಲಿಪಿಡ್ ಹೀಗೇ ಕೆಟ್ಟಿದ್ದು ಸಕ್ಕರೆ ಮಾತ್ರ 98 ಇದ್ದಿದ್ದರೆ 11 ಅಂಕ, ಸಂಭವ ಶೇ. 4 ಅಷ್ಟೇ. ಲಿಪಿಡ್ ಒಂಟಿಯಾಗಿ ಹೆಚ್ಚು ಹೇಳುವುದಿಲ್ಲ, ಸಕ್ಕರೆಯ ಜೊತೆ ಸೇರಿದಾಗ ಅದರ ಮಾತಿಗೆ ತೂಕ ಬರುತ್ತದೆ. ಫ್ರೇಮಿಂಗ್‌ಹ್ಯಾಮ್ ಪಟ್ಟಿ ಹೆಚ್ಚಿನಂಶ ಬಿಳಿಯ, ನಡುವಯಸ್ಸಿನ ಸುಮಾರು 3,100 ಅಮೆರಿಕನ್ನರನ್ನು ಆಧರಿಸಿದ್ದು. ಮಧುಮೇಹ ಬೇಗ ಬರುವ ನಮ್ಮವರಲ್ಲಿ ಈ ಶೇಕಡಾವಾರುಗಳನ್ನು ಯಥಾವತ್ತಾಗಿ ನಂಬುವಂತಿಲ್ಲ. ಅಂಕಗಳ ತಾರತಮ್ಯ ತೋರಿಸುವುದಕ್ಕೆ ಮಾತ್ರ ಇಲ್ಲಿ ಅದನ್ನು ಬಳಸಿದೆ.

ಈ ತಿಳಿವಳಿಕೆ ಬಂದ ದಾರಿ

ಇನ್ಸುಲಿನ್ ಪ್ರತಿರೋಧ, ಏರಿದ ಟ್ರೈಗ್ಲಿಸರೈಡ್, ಇಳಿದ ಎಚ್‌ಡಿಎಲ್, ರಕ್ತದೊತ್ತಡ ಇವೆಲ್ಲ ಒಟ್ಟಾಗಿ ಬರುತ್ತವೆ ಎಂದು ಸ್ಟ್ಯಾನ್‌ಫರ್ಡ್‌ನ ಜೆರಾಲ್ಡ್ ರೀವನ್ 1988ರಲ್ಲಿ ಪ್ರತಿಪಾದಿಸಿ ಅದಕ್ಕೆ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟರು. ಮೆಟಬಾಲಿಕ್ ಸಿಂಡ್ರೋಮ್ ಎಂಬ ಈಗಿನ ಹೆಸರು ಆಮೇಲೆ ನೆಲೆಯೂರಿತು. 1990ರಲ್ಲಿ ಸ್ಟೀವನ್ ಹಾಫ್ನರ್ ಮತ್ತು ಸಂಗಡಿಗರು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಮಧುಮೇಹವಿಲ್ಲದ ಮೆಕ್ಸಿಕನ್ ಮೂಲದವರನ್ನು 8 ವರ್ಷ ಹಿಂಬಾಲಿಸಿ ನೋಡಿದರು. ಆಮೇಲೆ ಮಧುಮೇಹಿಗಳಾದವರಲ್ಲಿ ಮೊದಲ ದಿನದ ಪರೀಕ್ಷೆಯಲ್ಲೇ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇತ್ತು. ರೋಗ ಕಾಣಿಸಿಕೊಳ್ಳುವ ಮೊದಲೇ ಹೃದಯಕ್ಕೆ ಹಾನಿಯ ಗಡಿಯಾರ ಓಡತೊಡಗಿರುತ್ತದೆಯೇ ಎಂಬ ಅವರ ಪ್ರಶ್ನೆ ಇಂದಿಗೂ ವೈದ್ಯರ ಬಾಯಲ್ಲಿದೆ.

2003ರಲ್ಲಿ ಸ್ಟ್ಯಾನ್‌ಫರ್ಡ್ ತಂಡವೇ ಇನ್ನೂ ಸರಳವಾದ ದಾರಿ ತೋರಿಸಿತು: ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿದಾಗ 3 ಅಥವಾ ಹೆಚ್ಚು ಬಂದರೆ, ತೂಕ ಹೆಚ್ಚಿರುವವರಲ್ಲಿ ಇನ್ಸುಲಿನ್ ಪ್ರತಿರೋಧ ಇರುವ ಸಂಭವ ಹೆಚ್ಚು. ಮೇಲಿನ ವರದಿಯಲ್ಲಿ ಈ ಅನುಪಾತ 6ನ್ನೂ ದಾಟುತ್ತದೆ. ಮೆಕ್ಸಿಕೋದ ಸಂಶೋಧಕರು 2008ರಲ್ಲಿ ಟ್ರೈಗ್ಲಿಸರೈಡ್ ಮತ್ತು ಖಾಲಿ ಹೊಟ್ಟೆಯ ಸಕ್ಕರೆಯನ್ನು ಗುಣಿಸಿ ಲಾಗರಿದಮ್ ತೆಗೆಯುವ ಟಿವೈಜಿ ಸೂಚ್ಯಂಕವನ್ನು ಮುಂದಿಟ್ಟರು. ಇವು ಎಲ್ಲ ಜನಾಂಗಕ್ಕೂ ಒಂದೇ ರೀತಿ ಒಗ್ಗುವುದಿಲ್ಲ. ಆಫ್ರಿಕನ್ ಅಮೆರಿಕನ್ನರಲ್ಲಿ ಇನ್ಸುಲಿನ್ ಪ್ರತಿರೋಧವಿದ್ದರೂ ಟ್ರೈಗ್ಲಿಸರೈಡ್ ಏರದೇ ಇರುವುದುಂಟು.

ಭಾರತೀಯರಲ್ಲಿ ತೊಡಕು

ಇಲ್ಲಿ ಒಂದು ತೊಡಕಿದೆ, ಲ್ಯಾಬಿನ ಅಚ್ಚಾದ ಮಿತಿಗಳು ಅದನ್ನು ಹೇಳುವುದಿಲ್ಲ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಮೊದಲ ಹಂತದ ಲಿಪಿಡ್ ವರದಿ 2014ರಲ್ಲಿ ಬಂತು. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ಅಳೆದಾಗ ಶೇ. 72.3 ಜನರಲ್ಲಿ ಎಚ್‌ಡಿಎಲ್ ಕಡಿಮೆ, ಶೇ. 29.5 ಜನರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು. ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದದ್ದು ಶೇ. 13.9 ಮಂದಿಗೆ ಮಾತ್ರ. ಇಡೀ ದೇಶದ 1,13,043 ಜನರನ್ನು ಒಳಗೊಂಡ 2023ರ ವರದಿಯಲ್ಲಿ ಮಧುಮೇಹ ಶೇ. 11.4, ಮಧುಮೇಹಪೂರ್ವ ಸ್ಥಿತಿ ಶೇ. 15.3, ಲಿಪಿಡ್ ಏರುಪೇರು ಶೇ. 81.2.

ಹತ್ತರಲ್ಲಿ ಏಳು ಜನರಿಗಿರುವ ಲಕ್ಷಣವೊಂದು ಆ ಹತ್ತರಲ್ಲಿ ಯಾರಿಗೆ ಮಧುಮೇಹ ಬರುತ್ತದೆ ಎಂದು ಆರಿಸಿ ತೋರಿಸಲಾರದು. ಆದ್ದರಿಂದ ಎಚ್‌ಡಿಎಲ್ ‘ಕಡಿಮೆ’ ಎಂಬ ಒಂದೇ ಗುರುತು ನಮ್ಮಲ್ಲಿ ಅಷ್ಟು ಉಪಯುಕ್ತವಲ್ಲ. ಎಷ್ಟು ಕಡಿಮೆ, ಅದರ ಜೊತೆ ಟ್ರೈಗ್ಲಿಸರೈಡ್ ಎಷ್ಟು, ಎರಡು ಮೂರು ವರ್ಷದ ವರದಿಗಳಲ್ಲಿ ಅದು ಯಾವ ಕಡೆಗೆ ಸಾಗಿದೆ ಎಂದು ನೋಡಿದರೆ ಹೆಚ್ಚು ತಿಳಿಯುತ್ತದೆ. ಹಳೆಯ ವರದಿಗಳನ್ನು ಬಿಸಾಡದೆ ಒಂದು ಕಡತದಲ್ಲಿ ಇಡುವ ಮನೆಗಳು ವೈದ್ಯರಿಗೆ ದೊಡ್ಡ ಉಪಕಾರ ಮಾಡುತ್ತವೆ.

ಭಾರತೀಯರ ಮೈಕಟ್ಟೂ ಈ ಲೆಕ್ಕದಲ್ಲಿ ಸೇರುತ್ತದೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಕ್ಕಪಕ್ಕ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3, ಆದರೆ ಕೊಬ್ಬಿನಂಶ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಸಣಕಲು ಕೈಕಾಲು, ಮುಂದೆ ಬಂದ ಹೊಟ್ಟೆ ನಮ್ಮ ಬಡಾವಣೆಗಳಲ್ಲಿ ದಿನವೂ ಕಾಣುವ ನೋಟ. ತೂಕದ ಯಂತ್ರ ಹೇಳದ ಸಂಗತಿಯನ್ನು ಇಂಥವರಲ್ಲಿ ಟ್ರೈಗ್ಲಿಸರೈಡ್ ಹೇಳಬಲ್ಲದು. ಟೇಪೂ ಹೇಳಬಲ್ಲದು, ಅದಕ್ಕೆ ರಕ್ತವೂ ಬೇಕಿಲ್ಲ.

ಟೇಪಿನ ಮಾತು ಬಂದಾಗ ಚೆನ್ನೈನ ವಿ. ಮೋಹನ್ ತಂಡ 2005ರಲ್ಲಿ ರೂಪಿಸಿದ ಭಾರತೀಯ ಮಧುಮೇಹ ಅಪಾಯ ಅಂಕಪಟ್ಟಿಯನ್ನು ನೆನೆಯಲೇಬೇಕು. ವಯಸ್ಸು, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆತನದ ರೋಗ, ಈ ನಾಲ್ಕರಿಂದ 100 ಅಂಕ. 60 ಮುಟ್ಟಿದರೆ ಹೆಚ್ಚಿನ ಅಪಾಯ. ಲಿಪಿಡ್ ಅಂಕಿ ಅದರಲ್ಲಿಲ್ಲ. ನಮ್ಮ 42 ವರ್ಷದವನಿಗೆ ವಯಸ್ಸಿಗೆ 20, ಸೊಂಟಕ್ಕೆ 10, ವ್ಯಾಯಾಮವಿಲ್ಲದ್ದಕ್ಕೆ 30, ತಾಯಿಯ ಕಾಯಿಲೆಗೆ 10, ಒಟ್ಟು 70. ಒಂದು ಹನಿ ರಕ್ತ ತೆಗೆಯುವ ಮೊದಲೇ ಅವನು ಎಚ್ಚರಿಕೆಯ ಸಾಲಿಗೆ ಸೇರಿದ. ಹಾಗಾದರೆ ಮಧುಮೇಹದ ಮಟ್ಟಿಗೆ ಲಿಪಿಡ್ ಪರೀಕ್ಷೆ ನಿಜವಾಗಿ ನೆರವಾಗುವುದು ಯಾರಿಗೆ? ಈ ಪಟ್ಟಿಯ ನಡುಭಾಗದಲ್ಲಿ, 30ರಿಂದ 50ರವರೆಗೆ ಅಂಕ ಪಡೆದು ತೂಗುಯ್ಯಾಲೆಯಲ್ಲಿರುವವರಿಗೆ. 28 ವರ್ಷದ ಯುವಕನೊಬ್ಬನಿಗೆ ವಯಸ್ಸಿನ ಅಂಕ ಸೊನ್ನೆ. ಸೊಂಟ 92, ವ್ಯಾಯಾಮವಿಲ್ಲ, ತಂದೆಗೆ ಮಧುಮೇಹ ಎಂದರೂ 50ಕ್ಕೆ ನಿಲ್ಲುತ್ತದೆ. ಅವನ ಟ್ರೈಗ್ಲಿಸರೈಡ್ 260 ಇದ್ದರೆ ಸಕ್ಕರೆಯನ್ನು ತಡಮಾಡದೆ ನೋಡಬೇಕು.

ದಕ್ಷಿಣ ಬೆಂಗಳೂರು

ಈ 28 ವರ್ಷದವನನ್ನು ಹುಡುಕಲು ದೂರ ಹೋಗಬೇಕಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರು ಸೇರಿ ಬಿಟಿಎಂ ಆದ ಬಡಾವಣೆ ಇಂದು ಪಿಜಿಗಳ ಊರು. ಹೊಸೂರು ರಸ್ತೆ, ಬನ್ನೇರುಘಟ್ಟ ರಸ್ತೆಯ ಕಂಪನಿಗಳಲ್ಲಿ ದುಡಿಯುವ, ರಾತ್ರಿ ಪಾಳಿ ಮಾಡುವ, ಹೊತ್ತಲ್ಲದ ಹೊತ್ತಿನಲ್ಲಿ ಆರ್ಡರ್ ಮಾಡಿ ಉಣ್ಣುವ ಯುವಜನರದ್ದು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಿವೃತ್ತರು ಹೆಚ್ಚು. ಬೆಳಗ್ಗೆ ಪಾರ್ಕಿನ ನಡಿಗೆ ತಪ್ಪಿಸದ, ಆರು ತಿಂಗಳಿಗೊಮ್ಮೆ ಚೆಕಪ್ ಮಾಡಿಸುವ ಜನ. ಪರೀಕ್ಷೆ ಹೆಚ್ಚು ಆಗುತ್ತಿರುವುದು ಇಲ್ಲಿ, ಪರೀಕ್ಷೆಯಿಂದ ಹೆಚ್ಚು ತಿಳಿಯಬೇಕಾಗಿರುವುದು ಅಲ್ಲಿ.

ಆಸ್ಪತ್ರೆಗಳ ವಿಷಯದಲ್ಲಿ ಈ ಭಾಗ ಭಾಗ್ಯವಂತ. ಜಯನಗರ 9ನೇ ಬ್ಲಾಕಿನ ಅಂಚಿನಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿ, ರಾಜ್ಯ ಸರ್ಕಾರದ ಶ್ರೀ ಜಯದೇವ ಹೃದ್ರೋಗ ಸಂಸ್ಥೆ ಇದೆ. ಜಯನಗರ 1ನೇ ಬ್ಲಾಕ್ ಬಳಿಯ ಸೋಮೇಶ್ವರನಗರದಲ್ಲಿ, ಮೊದಲು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಡಯಾಬಿಟಾಲಜಿ ಎಂದಿದ್ದು ಈಗ ಎಂಡೋಕ್ರಿನಾಲಜಿ ಸಂಶೋಧನಾ ಸಂಸ್ಥೆಯಾಗಿರುವ ಸರ್ಕಾರಿ ಆಸ್ಪತ್ರೆ ಇದೆ. ಹೃದಯ ಒಂದೆಡೆ, ಸಕ್ಕರೆ ಇನ್ನೊಂದೆಡೆ. ರೋಗಿಯ ರಕ್ತದಲ್ಲಿ ಮಾತ್ರ ಇವೆರಡೂ ಒಂದೇ ಕಥೆಯ ಎರಡು ಅಧ್ಯಾಯ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ, ಉಳಿದ ದೇಶದವರಿಗೆ ಸುಮಾರು 59ಕ್ಕೆ ಎಂದು ಇಂಟರ್‌ಹಾರ್ಟ್ ಅಧ್ಯಯನ 2007ರಲ್ಲಿ ತೋರಿಸಿತ್ತು.

ಊಟದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕೊಲೆಸ್ಟ್ರಾಲ್ ಎಂದೊಡನೆ ನಮ್ಮವರು ಮೊದಲು ತುಪ್ಪ ಬಿಡುತ್ತಾರೆ, ಆಮೇಲೆ ತೆಂಗಿನಕಾಯಿ ಬಿಡುತ್ತಾರೆ. ತಟ್ಟೆಯಲ್ಲಿ ಅನ್ನ ಹಾಗೇ ಇರುತ್ತದೆ, ಒಮ್ಮೊಮ್ಮೆ ಹೆಚ್ಚಾಗಿಯೂ ಇರುತ್ತದೆ. ಬೆಳಗ್ಗೆ ಇಡ್ಲಿ ಅಥವಾ ದರ್ಶಿನಿಯ ದೋಸೆ, ಹನ್ನೊಂದಕ್ಕೆ ಸಕ್ಕರೆ ಹಾಕಿದ ಕಾಫಿ, ಮಧ್ಯಾಹ್ನ ಸಾರು-ಅನ್ನ, ಸಂಜೆ ಚಾಟ್ಸ್ ಅಥವಾ ಬೇಕರಿಯ ಬನ್ನು, ರಾತ್ರಿ ಮತ್ತೆ ಅನ್ನ ಎಂದರೆ ದಿನವಿಡೀ ಪಿಷ್ಟವೇ. ಬಳಕೆಗೆ ಮೀರಿದ ಪಿಷ್ಟವನ್ನು ಲಿವರ್ ಟ್ರೈಗ್ಲಿಸರೈಡ್ ಮಾಡುತ್ತದೆ. ಎಣ್ಣೆ ಬಿಟ್ಟರೂ ಟ್ರೈಗ್ಲಿಸರೈಡ್ ಇಳಿಯಲಿಲ್ಲ ಎಂದು ಬೇಸರಪಡುವವರಿಗೆ ಉತ್ತರ ಬಹುಮಟ್ಟಿಗೆ ಇಲ್ಲಿದೆ. ಅನ್ನವನ್ನು ಕಡಿಮೆ ಮಾಡಿ ಕಾಳು, ಸೊಪ್ಪು, ಹುಳಿಯ ತರಕಾರಿಯನ್ನು ಹೆಚ್ಚಿಸಿದರೆ, ಮದ್ಯ ಬಿಟ್ಟರೆ, ದಿನವೂ ಬಿರುಸಾಗಿ ನಡೆದರೆ ಟ್ರೈಗ್ಲಿಸರೈಡ್ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ಎಚ್‌ಡಿಎಲ್ ಅಷ್ಟು ಬೇಗ ಓಗೊಡುವುದಿಲ್ಲ.

ತಾಯಂದಿರು

ಹೆಂಗಸರಲ್ಲಿ ಮುನ್ಸೂಚನೆಯ ಅತಿ ಬಲವಾದ ಗುರುತು ಲಿಪಿಡ್ ಅಲ್ಲ, ಬಸುರಿಯಲ್ಲಿ ಬಂದ ಸಕ್ಕರೆ. ಇದರ ಪುರಾವೆ ಕರ್ನಾಟಕದ್ದೇ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ, ಗರ್ಭಿಣಿ ಮಧುಮೇಹ ಬಂದಿದ್ದವರಲ್ಲಿ ಶೇ. 37 ಮಂದಿ ಐದು ವರ್ಷದೊಳಗೆ ಮಧುಮೇಹಿಗಳಾಗಿದ್ದರು, ಬಾರದಿದ್ದವರಲ್ಲಿ ಶೇ. 2 ಮಾತ್ರ. ಬೆಂಗಳೂರಿನಲ್ಲಿ ‘ಮಾಸ್ತಿ’ ಎಂಬ ಹೆಸರಿನ ಅಧ್ಯಯನ 2016ರಿಂದ, ಜಯನಗರ ಸಾರ್ವಜನಿಕ ಆಸ್ಪತ್ರೆಯೂ ಸೇರಿದಂತೆ ಸರ್ಕಾರಿ ಆಸ್ಪತ್ರೆಗಳಿಗೆ ಬಂದ ಬಸುರಿಯರನ್ನು ಸೇರಿಸಿಕೊಂಡು, ತಾಯಿಯ ಸಕ್ಕರೆ ಮಗುವಿನ ಮೈಕೊಬ್ಬಿನ ಮೇಲೆ ಏನು ಮಾಡುತ್ತದೆ ಎಂದು ನೋಡುತ್ತಿದೆ. ಬಸುರಿಯಲ್ಲಿ ಟ್ರೈಗ್ಲಿಸರೈಡ್ ಸಹಜವಾಗಿಯೇ ಬಹಳ ಏರುತ್ತದೆ. ಆ ತಿಂಗಳುಗಳ ಲಿಪಿಡ್ ವರದಿಯನ್ನು ಈ ಲೇಖನದ ಲೆಕ್ಕಗಳಿಂದ ಓದಬಾರದು.

ಎಲ್‌ಡಿಎಲ್ ಮತ್ತು ಸ್ಟಾಟಿನ್

ಎಲ್‌ಡಿಎಲ್ ಹೆಚ್ಚಿದ್ದರೆ ಮಧುಮೇಹವೂ ಬರುತ್ತದೆ ಎಂಬ ಊಹೆ ತಪ್ಪು. ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತ ಇರುವ ವಂಶವಾಹಿ ಕಾಯಿಲೆಯವರನ್ನು ನೆದರ್ಲೆಂಡ್ಸ್‌ನಲ್ಲಿ ಅವರ ರೋಗವಿಲ್ಲದ ಬಂಧುಗಳೊಂದಿಗೆ ಹೋಲಿಸಿದಾಗ ಮಧುಮೇಹ ಶೇ. 1.75 ಮತ್ತು ಶೇ. 2.93 ಇತ್ತು, ಅಂದರೆ ರೋಗಿಗಳಲ್ಲೇ ಕಡಿಮೆ. ಇನ್ನೊಂದು ಕಡೆ, ಎಲ್‌ಡಿಎಲ್ ಇಳಿಸುವ ಸ್ಟಾಟಿನ್ ಮಾತ್ರೆ ಮಧುಮೇಹದ ಅಪಾಯವನ್ನು ತುಸು ಏರಿಸುತ್ತದೆ: 2010ರಲ್ಲಿ 13 ಪ್ರಯೋಗಗಳ 91,140 ಜನರ ಮಾಹಿತಿ ಒಟ್ಟುಗೂಡಿಸಿದಾಗ ಏರಿಕೆ ಶೇ. 9 ಎಂದು ಕಂಡಿತು. 255 ಜನ 4 ವರ್ಷ ಮಾತ್ರೆ ನುಂಗಿದರೆ ಒಬ್ಬರಿಗೆ ಹೆಚ್ಚುವರಿ ಮಧುಮೇಹ. 2024ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ ಈ ಹೆಚ್ಚುವರಿ ರೋಗಿಗಳಲ್ಲಿ ಬಹುಪಾಲು ಜನ ಮೊದಲೇ ಮಧುಮೇಹದ ಹೊಸ್ತಿಲಲ್ಲಿದ್ದವರು. ಇದನ್ನು ಕೇಳಿ ಹೃದ್ರೋಗಿಗಳು ಮಾತ್ರೆ ನಿಲ್ಲಿಸುವುದು ಅಪಾಯಕರ. ಹೃದಯಾಘಾತ, ಪಾರ್ಶ್ವವಾಯು ತಪ್ಪಿಸುವ ಲಾಭ ಈ ನಷ್ಟಕ್ಕಿಂತ ಬಹಳ ದೊಡ್ಡದು. ಸ್ಟಾಟಿನ್ ಶುರುಮಾಡಿದವರು ವರ್ಷಕ್ಕೊಮ್ಮೆ ಸಕ್ಕರೆ ನೋಡಿಸಿಕೊಂಡರೆ ಸಾಕು.

ಎಚ್‌ಡಿಎಲ್, ಟ್ರೈಗ್ಲಿಸರೈಡ್‌ಗಳೂ ಮಧುಮೇಹಕ್ಕೆ ಕಾರಣವಲ್ಲ, ಗುರುತು ಮಾತ್ರ ಎಂಬುದು ವಂಶವಾಹಿ ಅಧ್ಯಯನಗಳ ಒಲವು. ಹುಟ್ಟಿನಿಂದ ಎಚ್‌ಡಿಎಲ್ ಕಡಿಮೆ ಇರುವ ವಂಶವಾಹಿ ಹೊತ್ತವರಿಗೆ ಆ ಕಾರಣದಿಂದಲೇ ಮಧುಮೇಹ ಹೆಚ್ಚು ಬರುವುದಿಲ್ಲ. ಹಾಗಾಗಿ ಅಂಕಿಯನ್ನು ಮಾತ್ರೆಯಿಂದ ತಿದ್ದಿದ ಮಾತ್ರಕ್ಕೆ ಮಧುಮೇಹ ತಪ್ಪುವುದಿಲ್ಲ, ಅಂಕಿಯ ಹಿಂದಿನ ಇನ್ಸುಲಿನ್ ಪ್ರತಿರೋಧ ತಗ್ಗಬೇಕು. ಅದು ಸಾಧ್ಯ ಎಂಬುದಕ್ಕೆ ಚೆನ್ನೈನ ಎ. ರಾಮಚಂದ್ರನ್ ತಂಡದ ಭಾರತೀಯ ಮಧುಮೇಹ ತಡೆ ಕಾರ್ಯಕ್ರಮ ಸಾಕ್ಷಿ. ಮಧುಮೇಹಪೂರ್ವ ಸ್ಥಿತಿಯ 531 ಜನರಲ್ಲಿ, ಸುಮ್ಮನೆ ಬಿಟ್ಟವರ ಪೈಕಿ ಮೂರು ವರ್ಷದಲ್ಲಿ ಶೇ. 55 ಮಂದಿಗೆ ಮಧುಮೇಹ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಶೇ. 39.3. 2006ರಲ್ಲಿ ಪ್ರಕಟವಾದ ಈ ಅಂಕಿಗಳು ನಮ್ಮವರಲ್ಲಿ ರೋಗ ಎಷ್ಟು ವೇಗವಾಗಿ ಮುಂದುವರಿಯುತ್ತದೆ ಎಂಬುದನ್ನೂ ಹೇಳುತ್ತವೆ.

ಅಳತೆಯ ಎಚ್ಚರಗಳು

ಟ್ರೈಗ್ಲಿಸರೈಡ್ ಚಂಚಲ ಅಂಕಿ. ಹಿಂದಿನ ರಾತ್ರಿ ಮದುವೆಯ ಊಟ, ಮದ್ಯ, ಬೆಳಗ್ಗೆ ಸಕ್ಕರೆ ಹಾಕಿದ ಒಂದು ಲೋಟ ಕಾಫಿ, ಇವು ಸಾಕು ವರದಿ ಬದಲಾಗಲು. ಮಧುಮೇಹದ ದೃಷ್ಟಿಯಿಂದ ಓದುವುದಾದರೆ 10ರಿಂದ 12 ಗಂಟೆ ಬರಿಹೊಟ್ಟೆಯಲ್ಲಿದ್ದು, ನೀರು ಮಾತ್ರ ಕುಡಿದು ರಕ್ತ ಕೊಡಬೇಕು; ಒಂದು ವರದಿ ಕೆಟ್ಟಿದ್ದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಥೈರಾಯ್ಡ್ ಕೊರತೆ, ಮೂತ್ರಪಿಂಡದ ಕಾಯಿಲೆ, ಸ್ಟಿರಾಯ್ಡ್ ಮಾತ್ರೆಗಳೂ ಲಿಪಿಡ್ ಅಂಕಿಗಳನ್ನು ಏರುಪೇರು ಮಾಡುತ್ತವೆ. ಎರಡನೇ ಸಲವೂ ಟ್ರೈಗ್ಲಿಸರೈಡ್ 150ರ ಮೇಲಿದ್ದು ಎಚ್‌ಡಿಎಲ್ ತಗ್ಗಿದ್ದರೆ ಖಾಲಿ ಹೊಟ್ಟೆಯ ಸಕ್ಕರೆಯ ಜೊತೆ ಎಚ್‌ಬಿಎ1ಸಿ ಮಾಡಿಸುವುದು ಒಳ್ಳೆಯದು. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಇನ್ನೂ ಸೂಕ್ಷ್ಮ. ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸುವುದರಿಂದ ಅಂಥವರಿಗೆ ಇದೇ ಮೇಲು.

ಹೊರದೇಶದಲ್ಲಿ ನೆಲೆಸಿದ ಮಕ್ಕಳೊಂದಿಗೆ ವರದಿಗಳನ್ನು ಹೋಲಿಸಿ ನೋಡುವುದು ಜಯನಗರದ ಅನೇಕ ಮನೆಗಳಲ್ಲಿ ವಾಡಿಕೆ. ಅಮೆರಿಕದಲ್ಲಿ ನಮ್ಮಂತೆ ಮಿಲಿಗ್ರಾಂ ಲೆಕ್ಕ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮಿಲಿಮೋಲ್. ಕೊಲೆಸ್ಟ್ರಾಲನ್ನು 38.67ರಿಂದ, ಟ್ರೈಗ್ಲಿಸರೈಡನ್ನು 88.57ರಿಂದ ಭಾಗಿಸಿದರೆ ಮಿಲಿಮೋಲ್ ಸಿಗುತ್ತದೆ. ಎರಡರ ಭಾಜಕ ಬೇರೆಬೇರೆಯಾದ್ದರಿಂದ ಅನುಪಾತದ ಮಿತಿಯೂ ಬದಲಾಗುತ್ತದೆ: ಇಲ್ಲಿಯ 3 ಅಲ್ಲಿ ಸುಮಾರು 1.3. ಬನಶಂಕರಿಯ ಆ ವರದಿಯ 6.2 ಲಂಡನ್ನಿನ ಲ್ಯಾಬಿನಲ್ಲಿ 2.7 ಎಂದು ಬರುತ್ತದೆ, ರಕ್ತ ಅದೇ, ಅಪಾಯವೂ ಅದೇ.